ಹಳಸುವ ಗಂಜಿಯ ಹಿರಿಮೆ

‘ಪರಿಸರಸ್ನೇಹಿ’ ಎಂಬ ಮಾತು ಈಗ ಅಂಗಡಿಯ ಬಹುಪಾಲು ಪೊಟ್ಟಣಗಳ ಮೇಲೆ ಕಾಣಬರುತ್ತದೆ. ಗೋಡೆಯ ಬಣ್ಣದ ಡಬ್ಬಿಯ ಮೇಲೆ ಅದಿದೆ. ಕಾಗದದ ಲೋಟದ ಮೇಲೆ ಅದಿದೆ. ಗಿರಣಿಗಳು ನೂಲಿಗೆ ಹಚ್ಚುವ ಅಂಟಿನ ಚೀಲದ ಮೇಲೂ ಅದಿದೆ. ಒಂದು ಮಾತು ಎಲ್ಲೆಡೆಯೂ ಕೇಳಿಬರಲು ತೊಡಗಿದಾಗ ಅದರ ಅರ್ಥವನ್ನು ಒಮ್ಮೆ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ವಿಜ್ಞಾನದ ವಿದ್ಯಾರ್ಥಿಗಳ ಕರ್ತವ್ಯ. ಗಿಡದಿಂದ ಬಂದುದೆಲ್ಲ ಒಳ್ಳೆಯದು, ಕಾರ್ಖಾನೆಯಿಂದ ಬಂದುದೆಲ್ಲ ಕೆಟ್ಟದ್ದು ಎಂಬುದು ಸುಲಭವಾದ ಉತ್ತರ. ಆದರೆ ಸರಿಯಾದ ಉತ್ತರವಲ್ಲ. ಒಂದು ವಸ್ತು ಎಲ್ಲಿಂದ ಬಂದಿತು ಎಂಬುದಕ್ಕಿಂತ, ಅದರ ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗಿ ಏನಾಗುತ್ತದೆ ಎಂಬುದೇ ಹೆಚ್ಚು ಮುಖ್ಯವೆಂದು ನಮ್ಮ ಅಭಿಪ್ರಾಯ. ಇದನ್ನು ತೋರಿಸಲು ದೂರದೇಶಗಳ ಉದಾಹರಣೆ ಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎಂಬ ಎರಡು ತಾಲ್ಲೂಕುಗಳೇ ಸಾಕು.

ಕರ್ನಾಟಕದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ಸೀಮೆಗೆ ಸೇರಿದ ನಾಡು ಇದು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾದರೆ ಅದೇ ಹೆಚ್ಚು. ಇಲ್ಲಿ ಶೇಂಗಾ ಬೆಳೆಯುತ್ತದೆ. ಬಯಲಿನಲ್ಲಿ ಕುರಿ ಮೇಯುತ್ತದೆ. ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಹುಣಸೆಯ ಮರ ಬದುಕುತ್ತದೆ. ಕುರಿಯ ಒರಟು ಉಣ್ಣೆಯಿಂದ ನೇಯುವ ಚಳ್ಳಕೆರೆಯ ಕಂಬಳಿಯನ್ನು ಅರಿಯದ ಕನ್ನಡಿಗರು ವಿರಳ. ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆ 1999ರ ಭೌಗೋಳಿಕ ಸೂಚಕಗಳ ಕಾಯಿದೆಯಂತೆ ನೋಂದಣಿಯನ್ನೂ ಪಡೆದಿದೆ. ಇದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. 2017ರಲ್ಲಿ ಆರಂಭವಾದ ವಿಮಾನ ಪರೀಕ್ಷಾ ಕ್ಷೇತ್ರವೂ ಈ ತಾಲ್ಲೂಕಿನಲ್ಲಿಯೇ ಇದೆ. ಮಗ್ಗ ಮತ್ತು ಪ್ರಯೋಗಶಾಲೆ ಇಷ್ಟು ನೆರೆಯಲ್ಲಿರುವ ಸ್ಥಳಗಳು ಹೆಚ್ಚಿಲ್ಲ. ಆದುದರಿಂದಲೇ ನಮ್ಮ ವಿಷಯಕ್ಕೆ ಈ ಸೀಮೆಯನ್ನು ಆರಿಸಿಕೊಂಡಿದ್ದೇವೆ.

ನೂಲಿಗೆ ಅಂಟು ಏಕೆ ಬೇಕು? ಮೊದಲು ನಿಮ್ಮ ಬರವಣಿಗೆಯ ಪುಸ್ತಕವನ್ನೇ ನೋಡಿರಿ. ಅದರ ಹಾಳೆಯ ಮೇಲೆ ಮಸಿಯಿಂದ ಬರೆದರೆ ಅಕ್ಷರ ಸ್ಫುಟವಾಗಿ ನಿಲ್ಲುತ್ತದೆ. ಒತ್ತುಕಾಗದದ ಮೇಲೆ ಬರೆದರೆ ಹರಡಿಹೋಗುತ್ತದೆ. ಎರಡೂ ನಾರಿನಿಂದಲೇ ಆದವು. ಆದರೆ ಬರೆಯುವ ಹಾಳೆಗೆ ಕಾರ್ಖಾನೆಯಲ್ಲಿ ನೀರನ್ನು ತಡೆಯುವ ಸಂಸ್ಕಾರ ಆಗಿರುತ್ತದೆ. ಅದರ ಮೈಗೆ ಪಿಷ್ಟದ ತೆಳುವಾದ ಲೇಪವನ್ನು ಕೊಟ್ಟಿರುವುದೂ ಉಂಟು. ಆ ಲೇಪ ನಾರುಗಳ ನಡುವಣ ಸೂಕ್ಷ್ಮ ಸಂದುಗಳನ್ನು ಮುಚ್ಚಿ, ಮೇಲೆದ್ದ ನಾರಿನ ತುದಿಗಳನ್ನು ಅಂಟಿಸಿ, ಮೈಯನ್ನು ನಯವಾಗಿಸುತ್ತದೆ. ಕಾಗದಕ್ಕೆ ಇದು ಅಂದ ಮತ್ತು ಅನುಕೂಲ. ಮಗ್ಗದ ನೂಲಿಗಾದರೋ ಇದು ಉಳಿವಿನ ಪ್ರಶ್ನೆ.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಲಾಳಿಯೊಡನೆ ಅಡ್ಡಲಾಗಿ ಓಡುವ ಎಳೆ ಹೊಕ್ಕು. ಹೊಕ್ಕಿನ ಎಳೆ ಒಮ್ಮೆ ಓಡಿ ತನ್ನ ಸ್ಥಾನದಲ್ಲಿ ವಿಶ್ರಮಿಸುತ್ತದೆ. ಹಾಸಿನ ಎಳೆಯ ಗತಿ ಹಾಗಲ್ಲ. ಅದು ಸದಾ ಬಿಗಿದಿರಬೇಕು. ಪ್ರತಿಯೊಂದು ಹೊಕ್ಕಿಗೂ ಮೇಲಕ್ಕೋ ಕೆಳಕ್ಕೋ ಸರಿಯಬೇಕು. ಹಣಿಗೆಯ ಹಲ್ಲುಗಳ ನಡುವೆ ಮತ್ತೆ ಮತ್ತೆ ಉಜ್ಜಿಸಿಕೊಳ್ಳಬೇಕು. ಕೈಯಿಂದ ನೂತ ಉಣ್ಣೆಯ ಎಳೆಯಲ್ಲಿ ಗಿಡ್ಡ ನಾರುಗಳು ಬರಿಯ ಹುರಿಯ ಬಲದಿಂದ, ಎಂದರೆ ಪರಸ್ಪರ ಘರ್ಷಣೆಯಿಂದ, ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಹಣಿಗೆಯು ಉಜ್ಜಿದಂತೆಲ್ಲ ಈ ನಾರುಗಳು ಕೆದರಿ ಮೇಲೇಳುತ್ತವೆ. ನೆರೆಯ ಎಳೆಯ ನಾರುಗಳೊಡನೆ ತೊಡರುತ್ತವೆ. ಕೊನೆಗೆ ಎಳೆ ಕಡಿಯುತ್ತದೆ. ಹಾಸಿನ ಎಳೆ ಕಡಿದರೆ ಕೆಲಸ ನಿಲ್ಲುತ್ತದೆ, ನೇಕಾರನ ದಿನಗೂಲಿಯೂ ಅಷ್ಟರಮಟ್ಟಿಗೆ ಕಡಿಯುತ್ತದೆ. ಇದನ್ನು ತಡೆಯಲು ಹಾಸಿಗೆ ಗಂಜಿ ಕೊಡುತ್ತಾರೆ. ಕಂಬಳಿಯ ನೇಕಾರರು ಇದಕ್ಕಾಗಿ ಬಳಸುವುದು ಹುಣಸೆಬೀಜದ ಗಂಜಿ.

ಬೀಜದ ಕೆಂಪು ಸಿಪ್ಪೆಯನ್ನು ತೆಗೆದು, ಒಳಗಿನ ಬಿಳಿಯ ಬೇಳೆಯನ್ನು ಅರೆದು, ನೀರಿನಲ್ಲಿ ಕುದಿಸಿದರೆ ಗಂಜಿ ಸಿದ್ಧವಾಗುತ್ತದೆ. ಬಯಲಿನಲ್ಲಿ ಬಿಗಿದು ಕಟ್ಟಿದ ಹಾಸಿನ ಮೇಲೆ ಅದನ್ನು ಕುಂಚದಿಂದ ಬಳಿದು, ಎಳೆಗಳು ಒಂದಕ್ಕೊಂದು ಅಂಟದಂತೆ ತೀಡಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ನೋಡುವವರಿಗೆ ಇದು ಸಾಮಾನ್ಯ ಕೆಲಸವಾಗಿ ಕಂಡೀತು. ಆದರೆ ಭೌತವಿಜ್ಞಾನದ ದೃಷ್ಟಿಯಿಂದ ಇದೊಂದು ನಾಜೂಕಿನ ಸಮತೋಲನ. ಎಳೆಯೊಳಗಿನ ಸಂದುಗಳು ಲೋಮನಾಳಗಳಂತೆ ವರ್ತಿಸಿ ದ್ರವವನ್ನು ಒಳಕ್ಕೆ ಸೆಳೆಯುತ್ತವೆ. ಹೀಗೆ ಸೆಳೆಯಲ್ಪಟ್ಟ ದ್ರವವು ನಿಯತ ಕಾಲದಲ್ಲಿ ಎಷ್ಟು ಆಳಕ್ಕಿಳಿಯುತ್ತದೆ ಎಂಬುದನ್ನು 1921ರಲ್ಲಿ ವಾಶ್‌ಬರ್ನ್ ಎಂಬ ವಿಜ್ಞಾನಿ ಸೂತ್ರರೂಪದಲ್ಲಿ ಕೊಟ್ಟನು. ಅದರಂತೆ ದ್ರವದ ಸ್ನಿಗ್ಧತೆ ನಾಲ್ಕು ಪಟ್ಟಾದರೆ ಇಳಿಯುವ ಆಳ ಅರ್ಧಕ್ಕಿಳಿಯುತ್ತದೆ. ಗಂಜಿ ತೀರ ತೆಳುವಾದರೆ ಪೂರ್ತಿಯಾಗಿ ಒಳಗೆ ಇಂಗಿಹೋಗಿ ಮೈಯ ಮೇಲೆ ರಕ್ಷಣೆಯ ಪೊರೆ ಉಳಿಯದು. ತೀರ ಮಂದವಾದರೆ ಮೇಲೆಯೇ ನಿಂತು, ಒಣಗಿದ ಬಳಿಕ ಹಕ್ಕಳೆಯಾಗಿ ಉದುರುವುದು. ಬೆರಳ ನಡುವೆ ಗಂಜಿಯನ್ನು ತೀಡಿ ‘ಹದ ಬಂದಿದೆ’ ಎನ್ನುವ ಅನುಭವಿ ನೇಕಾರನು ಸ್ನಿಗ್ಧತಾಮಾಪಕದ ಕೆಲಸವನ್ನೇ ಮಾಡುತ್ತಿರುತ್ತಾನೆ.

ಆ ಗಂಜಿಯಲ್ಲಿರುವುದು ಏನು? ಸಣ್ಣ ಸಣ್ಣ ಅಣುಘಟಕಗಳು ಸರಪಣಿಯ ಕೊಂಡಿಗಳಂತೆ ಸೇರಿ ಆದ ಬೃಹದಣುವಿಗೆ ಪಾಲಿಮರ್ ಎಂದು ಹೆಸರು. ಪ್ಲಾಸ್ಟಿಕ್ ಪಾಲಿಮರ್, ಹತ್ತಿ, ಉಣ್ಣೆ, ರೇಷ್ಮೆಗಳೂ ಪಾಲಿಮರ್‌ಗಳೇ. ಹುಣಸೆಬೀಜದ ಪಾಲಿಮರಿಗೆ ಕ್ಸೈಲೋಗ್ಲೂಕನ್ ಎಂಬ ಹೆಸರಿದೆ. ಇದರ ಬೆನ್ನೆಲುಬು ಗ್ಲೂಕೋಸ್ ಕೊಂಡಿಗಳ ಸರಪಣಿ. ಹತ್ತಿಯ ಸೆಲ್ಯುಲೋಸಿನಲ್ಲಿ ಕೊಂಡಿಗಳು ಯಾವ ರೀತಿ ಬೆಸೆದಿವೆಯೋ ಇಲ್ಲಿಯೂ ಅದೇ ರೀತಿ. ಬರಿಯ ಬೆನ್ನೆಲುಬೇ ಇದ್ದಿದ್ದರೆ ಸರಪಣಿಗಳು ಒತ್ತೊತ್ತಾಗಿ ಜೋಡಿಸಿಕೊಂಡು, ಹತ್ತಿಯಂತೆಯೇ ನೀರಿನಲ್ಲಿ ಕರಗದೆ ಉಳಿಯುತ್ತಿದ್ದುವು. ಆದರೆ ಇಲ್ಲಿ ಕ್ಸೈಲೋಸ್, ಗ್ಯಾಲಕ್ಟೋಸ್ ಎಂಬ ಬೇರೆ ಸಕ್ಕರೆಗಳು ಪಕ್ಕದ ರೆಂಬೆಗಳಾಗಿ ಚಾಚಿಕೊಂಡು ಸರಪಣಿಗಳನ್ನು ದೂರವಿಡುತ್ತವೆ. ಆ ಎಡೆಯಲ್ಲಿ ನೀರು ಹೊಕ್ಕು ಗಂಜಿಯಾಗುತ್ತದೆ. ನೀರು ಆರಿದಾಗ ಸರಪಣಿಗಳು ತಮ್ಮೊಳಗೂ ನೂಲಿನ ನಾರಿನೊಡನೆಯೂ ಜಲಜನಕದ ಬಂಧಗಳಿಂದ ಹೆಣೆದುಕೊಂಡು ಗಟ್ಟಿಯಾದ, ಬಾಗುವ ಪೊರೆಯಾಗುತ್ತವೆ. ಗಿಡಗಳ ಜೀವಕೋಶದ ಗೋಡೆಯಲ್ಲಿಯೂ ಸೆಲ್ಯುಲೋಸಿನ ಎಳೆಗಳ ನಡುವೆ ನಿಸರ್ಗವು ಇರಿಸಿರುವುದು ಇದೇ ಜಾತಿಯ ಪಾಲಿಮರನ್ನು.

ವಿಜ್ಞಾನಿಗಳ ಗಮನ ಇದರತ್ತ ಹರಿದುದು ಯುದ್ಧಕಾಲದಲ್ಲಿ. 1940ರ ದಶಕದ ಆರಂಭದಲ್ಲಿ ಗಿರಣಿಗಳಿಗೆ ಬೇಕಾದ ಪಿಷ್ಟಕ್ಕೆ ಬದಲಿಯಾಗಿ ಬೇರೆ ಅಂಟುಗಳ ಹುಡುಕಾಟ ನಡೆಯಿತು. ಆಹಾರಧಾನ್ಯವನ್ನು ನೂಲಿಗೆ ಬಳಿಯುವುದು ಆ ಬರಗಾಲದ ದಿನಗಳಲ್ಲಿ ಯಾರಿಗೂ ಒಪ್ಪಿಗೆಯಾಗುವಂತಿರಲಿಲ್ಲ. ಹಣ್ಣನ್ನು ಬಳಸಿ ಬಿಸುಟ ಹುಣಸೆಬೀಜದ ಪುಡಿ ಆಗ ಹತ್ತಿ ಮತ್ತು ಸೆಣಬಿನ ಗಿರಣಿಗಳನ್ನು ಹೊಕ್ಕಿತು. ಇಂದು ಅದೇ ಪುಡಿ ಬಟ್ಟೆಯ ಮೇಲಿನ ಮುದ್ರಣದಲ್ಲಿಯೂ, ಆಹಾರ ಮತ್ತು ಔಷಧಗಳ ತಯಾರಿಕೆಯಲ್ಲಿಯೂ ಬಳಕೆಯಾಗುತ್ತಿದೆ.

ಹುಣಸೆಯ ಗಂಜಿಯ ವಿಚಾರದಲ್ಲಿ ಎಲ್ಲರೂ ಹೇಳುವ ದೋಷ ಒಂದಿದೆ: ಅದು ಹಳಸುತ್ತದೆ. ಎರಡು ಮೂರು ದಿನ ಇಟ್ಟರೆ ಹುಳಿತು, ನೀರಾಗಿ, ವಾಸನೆ ಹೊಡೆಯುತ್ತದೆ. ಆದುದರಿಂದ ಪ್ರತಿ ಹಾಸಿಗೂ ಹೊಸದಾಗಿ ಕುದಿಸಬೇಕು. ಈ ದೋಷವೇ ಅದರ ದೊಡ್ಡ ಗುಣವೆಂದು ನಾವು ಹೇಳುತ್ತೇವೆ. ಹಳಸುವುದೆಂದರೆ ಏನು? ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಸಹಜವಾಗಿರುವ ಸೂಕ್ಷ್ಮಜೀವಿಗಳು ತಮ್ಮ ಕಿಣ್ವಗಳೆಂಬ ಕತ್ತರಿಗಳಿಂದ ಸರಪಣಿಯ ಕೊಂಡಿಗಳನ್ನು ಕತ್ತರಿಸಿ, ಸಕ್ಕರೆಯನ್ನು ಉಂಡು, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಉಳಿಸುವುದು. ಹಳಸಬಲ್ಲ ವಸ್ತುವಿಗೆ ಈ ಭೂಮಿಯಲ್ಲಿ ಉಣ್ಣುವವರು ಇದ್ದಾರೆ ಎಂದರ್ಥ. ಎಂದಿಗೂ ಹಳಸದ ವಸ್ತು ಅತಿಥಿಯಾಗಿ ಬಂದು ಮನೆ ಬಿಟ್ಟು ಹೋಗದವನಂತೆ.

ಆದರೆ ಇಷ್ಟಕ್ಕೇ ತೀರ್ಪು ಕೊಟ್ಟರೆ ನಾವು ಮೊದಲು ಬೇಡವೆಂದ ಸುಲಭದ ಉತ್ತರಕ್ಕೇ ಮರಳಿದಂತಾಯಿತು. ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಒಂದು ಗ್ರಾಂ ಪಿಷ್ಟ ಸಂಪೂರ್ಣವಾಗಿ ಕೊಳೆತು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಲು ಸುಮಾರು 1.2 ಗ್ರಾಂ ಆಮ್ಲಜನಕ ಬೇಕು. ರಸಾಯನವಿಜ್ಞಾನದ ಸಮೀಕರಣವನ್ನು ಬರೆದು ನೀವೇ ಇದನ್ನು ಪಡೆಯಬಹುದು. ಬೆಚ್ಚನೆಯ ಕೆರೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಎಂದರೆ ಒಂದು ಗ್ರಾಂ ಪಿಷ್ಟವು ಸುಮಾರು 150 ಲೀಟರ್ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಬೇಡುತ್ತದೆ! ಹುಣಸೆಯ ಪಾಲಿಮರಿನ ಲೆಕ್ಕವೂ ಇದಕ್ಕೆ ಸಮೀಪವೇ. ದೊಡ್ಡ ಗಿರಣಿಯೊಂದು ಬಟ್ಟೆಗೆ ಬಣ್ಣ ಹಾಕುವ ಮೊದಲು ಗಂಜಿಯನ್ನು ತೊಳೆದು ಆ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ, ಗಂಜಿ ಎಷ್ಟೇ ನೈಸರ್ಗಿಕವಾಗಿದ್ದರೂ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಬಟ್ಟೆ ಗಿರಣಿಯ ಹೊಲಸು ನೀರಿನ ಆಮ್ಲಜನಕದ ಬೇಡಿಕೆಯಲ್ಲಿ ಅರ್ಧದಷ್ಟು ಪಾಲು ಈ ಗಂಜಿ ತೊಳೆದ ನೀರಿನದೇ ಆಗಿರುವುದುಂಟು.

ಚಳ್ಳಕೆರೆಯ ಕಂಬಳಿಗೆ ಈ ಆಪಾದನೆ ತಟ್ಟದಿರುವುದಕ್ಕೆ ಕಾರಣ ಹುಣಸೆಯ ಪಾವಿತ್ರ್ಯವಲ್ಲ. ಅದನ್ನು ಬಳಸುವ ರೀತಿ. ಕಂಬಳಿಯ ಉಣ್ಣೆ ಬಹುಮಟ್ಟಿಗೆ ಕುರಿಯ ಸಹಜ ಬಣ್ಣದ್ದೇ. ನೇಯ್ದ ಮೇಲೆ ಬಣ್ಣ ಹಾಕುವುದಕ್ಕಾಗಿ ಗಂಜಿಯನ್ನು ತೊಳೆದು ತೆಗೆಯಬೇಕಾದ ಪ್ರಮೇಯ ಬರುವುದಿಲ್ಲ. ಗಂಜಿಯು ಬಟ್ಟೆಯಲ್ಲಿಯೇ ಉಳಿದು ಹೊಸ ಕಂಬಳಿಗೆ ಆ ಬಿರುಸನ್ನು ಕೊಡುತ್ತದೆ. ಮುಂದೆ ವರ್ಷಗಳ ಕಾಲ ಸ್ವಲ್ಪ ಸ್ವಲ್ಪವಾಗಿ, ಮಣ್ಣು ಜೀರ್ಣಿಸಿಕೊಳ್ಳಬಲ್ಲ ಪ್ರಮಾಣದಲ್ಲಿ, ಬಿಟ್ಟುಹೋಗುತ್ತದೆ. ಉಣ್ಣುವವರಿಗೆ ಉಣ್ಣುವಷ್ಟೇ ಬಡಿಸಿದಂತೆ ಇದು.

ಮೊಳಕಾಲ್ಮೂರಿನ ರೇಷ್ಮೆ ಇದೇ ಪಾಠದ ಇನ್ನೊಂದು ಪುಟ. ರೇಷ್ಮೆಗೆ ಗಂಜಿಯನ್ನು ಹುಳುವೇ ಹಚ್ಚಿ ಕಳುಹಿಸುತ್ತದೆ. ಗೂಡಿನ ನೂಲಿನಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟಿನ ಪ್ರೋಟೀನು. ಉಳಿದುದು ಫೈಬ್ರಾಯಿನ್ ಎಂಬ ಹೊಳೆಯುವ ನಾರು. ನೂಲು ಬಿಚ್ಚುವಾಗಲೂ ಹುರಿ ಮಾಡುವಾಗಲೂ ಈ ಸೆರಿಸಿನ್ ಎಳೆಯನ್ನು ಕಾಪಾಡುತ್ತದೆ. ಬಳಿಕ ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿ ಅದನ್ನು ತೆಗೆದರೆ ಮಾತ್ರ ರೇಷ್ಮೆಗೆ ಮಿರುಗೂ ಮೃದುತ್ವವೂ ಬರುತ್ತವೆ. ಎಂದರೆ 100 ಕಿಲೋಗ್ರಾಂ ಕಚ್ಚಾ ರೇಷ್ಮೆಯಿಂದ ಸುಮಾರು 25 ಕಿಲೋಗ್ರಾಂ ಪ್ರೋಟೀನು ನೀರಿನ ಪಾಲಾಗುತ್ತದೆ. ಸೀರೆಯ ರೇಷ್ಮೆ ಯಾವ ಊರಿನ ಒಲೆಯ ಮೇಲೆ ಕುದಿದರೂ ಆ ನೀರು ಎಲ್ಲಿಯೋ ಒಂದು ಕಡೆಗೆ ಹರಿಯಲೇಬೇಕು. ಸೆರಿಸಿನ್ ಹುಳುವಿನ ಸೃಷ್ಟಿ. ಇದಕ್ಕಿಂತ ನೈಸರ್ಗಿಕವಾದುದು ಬೇಕೆ? ಆದರೂ ಚರಂಡಿಯಲ್ಲಿ ಅದು ಕೊಳೆ. ಅದನ್ನೇ ನೀರಿನಿಂದ ಬೇರ್ಪಡಿಸಿ ಹಣ್ಣುಗಳ ಮೇಲಣ ರಕ್ಷಕಲೇಪವಾಗಿಯೂ, ಸೌಂದರ್ಯಸಾಧನಗಳಲ್ಲಿಯೂ ಬಳಸುವ ಸಂಶೋಧನೆಗಳು ನಡೆದಿವೆ. ಹಾಗೆ ಆದಾಗ ಅದೇ ಕೊಳೆ ಸಂಪತ್ತು. ವಸ್ತು ಬದಲಾಗಿಲ್ಲ, ಅದರ ದಾರಿ ಬದಲಾಗಿದೆ.

ನೈಸರ್ಗಿಕ ವಸ್ತುವಿನ ಹೆಸರಿನಲ್ಲಿ ವಿಷವೂ ಸಂಚರಿಸಬಹುದು. ಗಂಜಿ ಹಳಸಬಾರದೆಂದು ಗಿರಣಿಗಳು ಅದರಲ್ಲಿ ತಾಮ್ರದ ಸಲ್ಫೇಟ್, ಸತುವಿನ ಕ್ಲೋರೈಡ್, ಪೆಂಟಾಕ್ಲೋರೋಫೀನಾಲ್ ಮುಂತಾದ ರಕ್ಷಕಗಳನ್ನು ಬೆರೆಸುತ್ತಿದ್ದುದುಂಟು. ಗೋರಿಕಾಯಿಯ ಜಾತಿಯ ಗಿಡದ ಬೀಜದಿಂದ ತೆಗೆಯುವ ಗೌರ್ ಗೋಂದು ಭಾರತದಿಂದ ಹೊರದೇಶಗಳಿಗೆ ಹೋಗುವ ಮುಖ್ಯ ಸರಕು. 2007ರಲ್ಲಿ ಯೂರೋಪಿಗೆ ಹೋದ ಇಂಥ ಗೋಂದಿನಲ್ಲಿ ಪೆಂಟಾಕ್ಲೋರೋಫೀನಾಲ್ ಮತ್ತು ಡಯಾಕ್ಸಿನ್ ಪತ್ತೆಯಾಗಿ ದೊಡ್ಡ ಗದ್ದಲವಾಯಿತು. 2015ರಲ್ಲಿ ಪೆಂಟಾಕ್ಲೋರೋಫೀನಾಲನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ್ಯ ವಸ್ತುಗಳ ಪಟ್ಟಿಗೆ ಸೇರಿಸಲಾಯಿತು. ಹಳಸುವ ಗುಣವನ್ನು ಕೊಲ್ಲಲು ಹೊರಟವರು ನೀರಿನ ಜೀವವನ್ನೂ ಕೊಲ್ಲುತ್ತಾರೆ.

ಇನ್ನು ಕೃತಕ ಪಾಲಿಮರ್‌ಗಳಿಗೂ ನ್ಯಾಯ ಸಲ್ಲಬೇಕು. ಗಿರಣಿಗಳು ಬಹುವಾಗಿ ಬಳಸುವ ಪಾಲಿವಿನೈಲ್ ಆಲ್ಕೊಹಾಲ್ 1924ರಲ್ಲಿ ಜರ್ಮನಿಯಲ್ಲಿ ಸಿದ್ಧವಾಯಿತು. ಅದರ ಪೊರೆ ಗಟ್ಟಿ, ಅದು ನೀರಿನಲ್ಲಿ ಕರಗುತ್ತದೆ, ಬೇಗ ಹಳಸುವುದಿಲ್ಲ. ಅತಿವೇಗದ ಮಗ್ಗಗಳಿಗೆ ಇಂಥ ಅಂಟು ಬೇಕೇ ಬೇಕು. ಆದರೆ ಅದರ ಬೆನ್ನೆಲುಬು ಬರಿಯ ಇಂಗಾಲದ ಸರಪಣಿ. ಸಾಮಾನ್ಯ ಸೂಕ್ಷ್ಮಜೀವಿಗಳ ಕತ್ತರಿಗೆ ಸುಲಭವಾಗಿ ಸಿಗದು. ಅದನ್ನು ಉಣ್ಣಬಲ್ಲ ಬ್ಯಾಕ್ಟೀರಿಯವೊಂದನ್ನು 1973ರಲ್ಲಿ ಜಪಾನಿನ ವಿಜ್ಞಾನಿಗಳು ವರ್ಣಿಸಿದರಾದರೂ ಅಂಥ ಜೀವಿಗಳನ್ನು ಪಳಗಿಸಿ ಸಾಕಿದ ಶುದ್ಧೀಕರಣ ತೊಟ್ಟಿಯಲ್ಲಿ ಮಾತ್ರ ಆ ಕೆಲಸ ಚೆನ್ನಾಗಿ ನಡೆಯುತ್ತದೆ. ಇಲ್ಲಿ ವಿದ್ಯಾರ್ಥಿಗಳು ಒಂದು ಮೋಸವನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಹೊಲಸು ನೀರಿನ ಜೈವಿಕ ಆಮ್ಲಜನಕದ ಬೇಡಿಕೆಯನ್ನು 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ. ಆ ಮೂರು ದಿನಗಳಲ್ಲಿ ಯಾರೂ ಉಣ್ಣದ ವಸ್ತು ಆಮ್ಲಜನಕವನ್ನೂ ಬೇಡುವುದಿಲ್ಲ. ಅದರ ಅಂಕ ಕಡಮೆ ಬರುತ್ತದೆ. ‘ಬೇಡಿಕೆ ಕಡಮೆ, ಆದುದರಿಂದ ಪರಿಸರಸ್ನೇಹಿ’ ಎಂದು ಬರೆದರೆ ಅಂಕ ಸುಳ್ಳಲ್ಲ, ಅರ್ಥ ಸುಳ್ಳು. ಆದರೆ ಇದೇ ಪಾಲಿಮರನ್ನು ಸೂಕ್ಷ್ಮ ಸೋಸುಪೊರೆಗಳಿಂದ ಸೋಸಿ ಮರಳಿ ಬಳಸುವ ಗಿರಣಿಯು, ಪಿಷ್ಟವನ್ನು ಹಳ್ಳಕ್ಕೆ ಬಿಡುವ ಗಿರಣಿಗಿಂತ ಮೇಲು ಎಂದು ಹೇಳಲು ನಾವು ಹಿಂಜರಿಯುವುದಿಲ್ಲ.

ದಿನನಿತ್ಯದ ಇನ್ನೊಂದು ಲೇಪವನ್ನೂ ಇದೇ ಅಳತೆಗೋಲಿನಿಂದ ಅಳೆಯೋಣ. ಪ್ಲಾಸ್ಟಿಕ್ ಲೋಟಕ್ಕೆ ಬದಲಾಗಿ ಬಂದ ಕಾಗದದ ಲೋಟದ ಒಳಮೈಗೆ ಸಾಮಾನ್ಯವಾಗಿ ಪಾಲಿಎಥಿಲೀನಿನ ತೆಳುಪೊರೆ ಇರುತ್ತದೆ. ಇಲ್ಲವಾದರೆ ಕಾಗದವು ಚಹವನ್ನು ಹಿಡಿದಿಡಲಾರದು. ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆಂದು ಖರಗ್‌ಪುರದ ಐ.ಐ.ಟಿ.ಯ ಸಂಶೋಧಕರು 2020ರಲ್ಲಿ ತಿಳಿಸಿದರು. ಜೋಳದಂಥ ಬೆಳೆಯಿಂದ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲದ ಪೊರೆಯನ್ನು ಹಚ್ಚಿದ ಲೋಟಗಳೂ ಇವೆ. ಆದರೆ ಆ ಪಾಲಿಮರ್ ಬೇಗನೆ ಕೊಳೆಯಲು ಸುಮಾರು 60 ಡಿಗ್ರಿ ಉಷ್ಣತೆಯ, ತೇವ ತುಂಬಿದ ಗೊಬ್ಬರದ ರಾಶಿ ಬೇಕು. ಚಳ್ಳಕೆರೆಯ ಒಣ ಬಯಲಿನಲ್ಲಿ ಬಿದ್ದರೆ ಅದು ಬಹುಕಾಲ ಬಿದ್ದೇ ಇರುವುದು. ‘ಕೊಳೆಯುತ್ತದೆ’ ಎಂಬ ಮಾತಿನೊಡನೆ ಎಲ್ಲಿ, ಎಷ್ಟು ದಿನಗಳಲ್ಲಿ, ಯಾವ ಉಷ್ಣತೆಯಲ್ಲಿ ಎಂಬುದನ್ನೂ ಹೇಳದಿದ್ದರೆ ಆ ಮಾತು ವಿಜ್ಞಾನವಲ್ಲ, ಜಾಹೀರಾತು.

ಆದುದರಿಂದ ಯಾವ ಲೇಪಕ್ಕಾದರೂ ಮೂರು ಪ್ರಶ್ನೆಗಳನ್ನು ಹಾಕಬೇಕೆಂದು ನಾವು ಸೂಚಿಸುತ್ತೇವೆ. ಇದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತದೆಯೆ? ಕೆಲಸ ತೀರಿದ ಮೇಲೆ ಇದನ್ನು ಉಣ್ಣುವವರು ನಮ್ಮದೇ ಮಣ್ಣಿನಲ್ಲಿ, ನಮ್ಮದೇ ನೀರಿನಲ್ಲಿ ಇದ್ದಾರೆಯೆ? ಅವರು ಉಣ್ಣಬಲ್ಲಷ್ಟೇ ಪ್ರಮಾಣದಲ್ಲಿ ಇದನ್ನು ನಾವು ಬಿಡುತ್ತಿದ್ದೇವೆಯೆ? ಹುಣಸೆಯ ಗಂಜಿ ಕಂಬಳಿಯ ಮಗ್ಗದಲ್ಲಿ ಮೂರಕ್ಕೂ ‘ಹೌದು’ ಎನ್ನುತ್ತದೆ.

ಹೀಗೆಂದು ಹಳೆಯದನ್ನು ಹೊಗಳಿ ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ಹೊಗಳಿಕೆಯಿಂದ ನೇಕಾರನ ಬೆನ್ನುನೋವು ಹೋಗುವುದಿಲ್ಲ. ಬೀಜವನ್ನು ಅರೆಯುವುದು, ಸೌದೆ ಹಾಕಿ ಕುದಿಸುವುದು, ಬಿಸಿಲಿನಲ್ಲಿ ನಿಂತು ಹಾಸನ್ನು ತೀಡುವುದು ದಣಿಸುವ ಕೆಲಸ. ಮೋಡ ಕವಿದ ದಿನ ಆ ಕೆಲಸವೂ ಇಲ್ಲ. ಅಗ್ಗದ ಗಿರಣಿ ಹೊದಿಕೆಗಳ ಮುಂದೆ ಕೈಮಗ್ಗದ ಕಂಬಳಿ ಬಳಲಿದೆ. ನೇಕಾರರ ಮಕ್ಕಳು ಈ ಕೆಲಸವನ್ನು ಬಿಟ್ಟರೆ ಅವರನ್ನು ಜರೆಯುವ ಹಕ್ಕು ನಮಗಿಲ್ಲ. ಆದರೆ ಅವರು ಬಿಡುವುದರೊಡನೆ ಗಂಜಿಯ ಹದವನ್ನು ಬೆರಳಿನಿಂದ ಅರಿಯುವ ಜ್ಞಾನವೂ ಬಿಟ್ಟುಹೋಗುತ್ತದೆ. ಅದನ್ನು ಅಂಕಿಗಳಲ್ಲಿ ಬರೆದಿಡದಿದ್ದರೆ ಮುಂದೆ ಮರಳಿ ಪಡೆಯುವುದು ಕಷ್ಟ.

ಇಲ್ಲಿ ಕಾಲೇಜುಗಳು ಮಾಡಬಹುದಾದ ಕೆಲಸವಿದೆ. ಸ್ನಿಗ್ಧತೆಯನ್ನು ಅಳೆಯಲು ನಾವು ವರ್ಷವರ್ಷವೂ ಅದೇ ಹರಳೆಣ್ಣೆ, ಅದೇ ಗ್ಲಿಸರಿನ್ ಬಳಸುತ್ತೇವೆ. ಉತ್ತರ ಮೊದಲೇ ಪುಸ್ತಕದಲ್ಲಿರುತ್ತದೆ. ಅದರ ಬದಲು ಹುಣಸೆಯ ಗಂಜಿಯನ್ನು ಬೇರೆ ಬೇರೆ ಹದದಲ್ಲಿ ಕುದಿಸಿ ಬ್ಯುರೆಟ್ಟಿನಿಂದ ಇಳಿಯುವ ಕಾಲವನ್ನು ಅಳೆಯಬಾರದೇಕೆ? ಗಂಜಿ ಹಚ್ಚಿದ ಎಳೆಗೂ ಹಚ್ಚದ ಎಳೆಗೂ ತೂಕಗಳನ್ನು ತೂಗಹಾಕಿ, ಯಾವುದು ಎಷ್ಟಕ್ಕೆ ಕಡಿಯುವುದೆಂದು ನೋಡಬಹುದು. ಹಣಿಗೆಯಿಂದ ನೂರು ಸಲ ಉಜ್ಜಿ ಮತ್ತೆ ತೂಗಬಹುದು. ಹುಣಸೆಯ ಗಂಜಿ, ಜೋಳದ ಪಿಷ್ಟ, ಪಾಲಿವಿನೈಲ್ ಆಲ್ಕೊಹಾಲ್ ಮೂರರ ಪೊರೆಗಳನ್ನೂ ಒಂದೇ ಮಣ್ಣಿನಲ್ಲಿ ಹೂತು ವಾರಕ್ಕೊಮ್ಮೆ ತೆಗೆದು ತೂಗಬಹುದು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯಲು 1888ರಷ್ಟು ಹಿಂದೆಯೇ ವಿಂಕ್ಲರ್ ಕೊಟ್ಟ ವಿಧಾನಕ್ಕೆ ರಸಾಯನಶಾಲೆಯ ಸಾಮಾನ್ಯ ಸೀಸೆಗಳೇ ಸಾಕು. ಈ ಪ್ರಯೋಗಗಳ ಉತ್ತರ ಯಾವ ಪಠ್ಯಪುಸ್ತಕದ ಕೊನೆಯ ಪುಟದಲ್ಲಿಯೂ ಇಲ್ಲ.

ಕುದಾಪುರದ ಆವರಣದಲ್ಲಿ ವಿಜ್ಞಾನ ಸಂಸ್ಥೆಯವರು ಅಧ್ಯಾಪಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತಾರೆ. ಅಂಥ ತರಬೇತಿಯಲ್ಲಿ ಕಂಬಳಿಯ ಎಳೆಯೂ ರೇಷ್ಮೆಯ ಅಂಟೂ ಪಾಠವಾಗಲಿ. ಅರೆಯುವ, ಕುದಿಸುವ, ಒಣಗಿಸುವ ಶ್ರಮವನ್ನು ಇಳಿಸುವ ಸಣ್ಣ ಉಪಕರಣಗಳು ವಿದ್ಯಾರ್ಥಿಗಳ ಕೈಯಿಂದ ಹೊರಡಲಿ. ಬಿಸಿಲಿಗೆ ಕೊರತೆಯಿಲ್ಲದ ಈ ನಾಡಿನಲ್ಲಿ ಸೌದೆಯಿಲ್ಲದೆ ಗಂಜಿ ಕುದಿಸುವ ಸೌರ ಒಲೆ ಕಷ್ಟಸಾಧ್ಯವಾದುದೇನೂ ಅಲ್ಲ. ನೇಕಾರರ ಬಳಿಗೆ ಹೋಗುವವರು ಕಲಿಸುವವರಾಗಿ ಹೋಗದೆ ಮೊದಲು ಕೇಳುವವರಾಗಿ ಹೋಗಬೇಕು. ಅಳೆದು ಬಂದ ಅಂಕಿಗಳನ್ನು ಅವರ ಭಾಷೆಯಲ್ಲಿ ಅವರಿಗೆ ಮರಳಿಸಬೇಕು.

ಭೂಮಿಯ ಮೇಲೆ ಕೋಟ್ಯಂತರ ವರ್ಷಗಳಿಂದ ಮರಗಳೂ ಹುಳುಗಳೂ ಪಾಲಿಮರ್‌ಗಳನ್ನು ತಯಾರಿಸುತ್ತಲೇ ಇವೆ. ಹಾಗಿದ್ದೂ ಅವುಗಳ ರಾಶಿಯಲ್ಲಿ ನಾವು ಹೂತುಹೋಗದಿರಲು ಕಾರಣ, ಅವು ಹಳಸುತ್ತವೆ ಎಂಬುದೇ. ಹೊಸ ವಸ್ತುಗಳನ್ನು ಸೃಷ್ಟಿಸಲಿರುವ ಇಂದಿನ ವಿದ್ಯಾರ್ಥಿಗಳು ಬಾಳಿಕೆಯ ಲೆಕ್ಕದೊಡನೆ ಕೊನೆಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಲಿ ಎಂಬುದಷ್ಟೇ ನಮ್ಮ ಕೋರಿಕೆ.